ಕೋರಿದವರು: ಬೇವಿನಕಟ್ಟಿ ಬಸಣ್ಣ ಮತ್ತು ಗೆಳೆಯರು

ಒಂದು ಕಾಲಕ್ಕೆ ರೇಡಿಯೊದಲ್ಲಿ ಹಾಡಿಗಿಂತ ಹಾಡಿನ ಮೊದಲು ಓದುತ್ತಿದ್ದ ಹೆಸರುಗಳನ್ನೇ ಜನ ಹೆಚ್ಚು ಆಸ್ಥೆಯಿಂದ ಕೇಳುತ್ತಿದ್ದರು ಎಂದರೆ ಇಂದಿನ ಮಕ್ಕಳು ನಗಬಹುದು. ‘ಈ ಹಾಡನ್ನು ಮೆಚ್ಚಿ ಬರೆದವರು’ ಎಂದು ಉದ್ಘೋಷಕರು ಶುರು ಮಾಡಿದರೆಂದರೆ ಒಲೆಯ ಮುಂದಿದ್ದವರು, ಕಣದಲ್ಲಿದ್ದವರು, ಅಂಗಡಿಯ ಗಲ್ಲಾದ ಮುಂದೆ ಕುಳಿತವರು ಎಲ್ಲರೂ ಕಿವಿ ನೆಟ್ಟಗೆ ಮಾಡುತ್ತಿದ್ದರು. ಸಿರುಗುಪ್ಪದಿಂದ ಇಂಥವರು, ತೆಕ್ಕಲಕೋಟೆಯಿಂದ ಇಂಥವರು, ಕುರುಗೋಡಿನಿಂದ ಇಂಥವರು... ಅರ್ಧ ನಿಮಿಷದ ಆ ಪಟ್ಟಿಯಲ್ಲಿ ನಮ್ಮ ಊರಿನ ಹೆಸರು ಬಂದರೆ ಊರೇ ದೊಡ್ಡದಾದಂತೆ. ನಮ್ಮದೇ ಹೆಸರು ಬಂದರಂತೂ ಮರುದಿನ ಶಾಲೆಯಲ್ಲಿ ನಾವೇ ಮಂತ್ರಿಗಳು.

ಹದಿನೈದು ಪೈಸೆಯ ಒಂದು ಕಾರ್ಡು ಮಾಡುತ್ತಿದ್ದ ಈ ಪವಾಡಕ್ಕೆ ಇನ್ನೊಂದು ಉಪಯೋಗವೂ ಇದೆಯೆಂದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ. ಮೂವತ್ತೇಳು ವರ್ಷ ಸುಳಿವೇ ಇಲ್ಲದಿದ್ದ ಗೆಳೆಯನೊಬ್ಬ ನನಗೆ ಮರಳಿ ಸಿಕ್ಕಿದ್ದು ಇಂಥದೇ ಒಂದು ಹೆಸರಿನ ಪಟ್ಟಿಯಿಂದ. ಪರೀಕ್ಷೆ ಮುಗಿಸಿ ಶಾಲೆ ಬದಲಿಸಲಿರುವ ಮಕ್ಕಳಿಗೂ, ‘ಸಿನಿಮಾ ಹಾಡು ಕೇಳಿ ಏನು ಬಂತು?’ ಎಂದು ಗದರುವ ತಂದೆತಾಯಿಗಳಿಗೂ ಇದರಲ್ಲಿ ಯೋಚಿಸುವಂಥದ್ದು ಇದೆ ಎನ್ನಿಸಿ ಬರೆಯುತ್ತಿದ್ದೇನೆ.

ಹಾಡಿಗೆ ಬಂದ ಬಹಿಷ್ಕಾರ

ಮೊದಲು ಸ್ವಲ್ಪ ಇತಿಹಾಸ. ‘ಆಕಾಶವಾಣಿ’ ಎಂಬ ಹೆಸರೇ ನಮ್ಮ ನಾಡಿನ ಕೊಡುಗೆ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಆರಂಭಿಸಿದ ಪ್ರಸಾರಕ್ಕೆ ಆ ಹೆಸರಿತ್ತು. ಮುಂದೆ ಇಡೀ ದೇಶವೇ ಅದನ್ನು ಸ್ವೀಕರಿಸಿತು. 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು ಕೇಂದ್ರಗಳು ಬಂದವು.

ಆದರೆ ಆ ದಿನಗಳಲ್ಲಿ ಆಕಾಶವಾಣಿಯಲ್ಲಿ ಸಿನಿಮಾ ಹಾಡಿಗೆ ಜಾಗವಿರಲಿಲ್ಲ. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಚಿತ್ರಗೀತೆಗಳಿಂದ ಜನರ ಅಭಿರುಚಿ ಕೆಡುತ್ತದೆ ಎಂಬ ನಂಬಿಕೆ. ಮನೆಯ ಹಿರಿಯರು ಮಕ್ಕಳಿಗೆ ಹೇಳುವ ಮಾತನ್ನೇ ಅವರು ದೇಶಕ್ಕೆ ಹೇಳಿದರು ಎನ್ನಿ. ಜನ ಏನು ಮಾಡಿದರು? ಮುಳ್ಳು ತಿರುಗಿಸಿ ಸಮುದ್ರದಾಚೆಯ ಸಿಲೋನ್ ರೇಡಿಯೊ ಹಿಡಿದರು. ಅದೇ 1952ರ ಡಿಸೆಂಬರಿನಲ್ಲಿ ಅಲ್ಲಿ ಶುರುವಾದ ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’ ದಶಕಗಳ ಕಾಲ ಬುಧವಾರದ ರಾತ್ರಿಗಳನ್ನು ಆಳಿತು. ಕೊನೆಗೆ ಆಕಾಶವಾಣಿಯೇ ಮನಸ್ಸು ಬದಲಿಸಿ 1957ರ ಅಕ್ಟೋಬರ್ 3ರಂದು ‘ವಿವಿಧ ಭಾರತಿ’ಯನ್ನು ಆರಂಭಿಸಿತು.

ಹಾಡಿಗಾಗಿ ಪತ್ರ ಬರೆಯುವ ಹುಚ್ಚಿನಿಂದಲೇ ದೇಶದಲ್ಲೆಲ್ಲ ಪ್ರಸಿದ್ಧವಾದ ಊರೊಂದಿದೆ, ಝುಮ್ರಿ ತಿಲೈಯಾ. ಇಂದಿನ ಜಾರ್ಖಂಡ್ ರಾಜ್ಯದಲ್ಲಿರುವ, ಅಭ್ರಕದ ಗಣಿಗಳಿಗೆ ಹೆಸರಾಗಿದ್ದ ಆ ಸಣ್ಣ ಪಟ್ಟಣದಿಂದ ಎಷ್ಟು ಕಾರ್ಡುಗಳು ಬರುತ್ತಿದ್ದವೆಂದರೆ, ಅಂಥ ಊರು ನಿಜವಾಗಿಯೂ ಇದೆಯೇ ಎಂದು ಕೇಳುಗರು ಸಂಶಯಪಡುವಂತಾಗಿತ್ತು! ನಮ್ಮ ಬಳ್ಳಾರಿಯೂ ಗಣಿಯ ಸೀಮೆಯೇ. ನಮ್ಮಲ್ಲೂ ಊರಿಗೊಬ್ಬರಾದರೂ ಅಂಥ ಹುಚ್ಚರಿದ್ದರು.

ಬಳ್ಳಾರಿಯವರಿಗೆ ಇನ್ನೊಂದು ಅನುಕೂಲವೂ ಇತ್ತು. 1953ರ ಅಕ್ಟೋಬರ್ 1ರವರೆಗೆ ನಮ್ಮದು ಮದರಾಸು ಪ್ರಾಂತ್ಯಕ್ಕೆ ಸೇರಿದ ಜಿಲ್ಲೆ. ಕನ್ನಡ, ತೆಲುಗು ಎರಡೂ ನಮಗೆ ಅಂಗಳದ ಭಾಷೆಗಳು. ಹೀಗಾಗಿ ಧಾರವಾಡವನ್ನೂ ಹಿಡಿಯುತ್ತಿದ್ದೆವು, ಕಡಪವನ್ನೂ ಹಿಡಿಯುತ್ತಿದ್ದೆವು. ರಾತ್ರಿಯಾದರಂತೂ ದೂರದ ಕೇಂದ್ರಗಳೆಲ್ಲ ಹತ್ತಿರ ಬರುತ್ತಿದ್ದವು.

ರಾತ್ರಿಯೇ ಏಕೆ? ಭೂಮಿಯ ಮೇಲೆ ಅರವತ್ತರಿಂದ ತೊಂಬತ್ತು ಕಿಲೋಮೀಟರ್ ಎತ್ತರದಲ್ಲಿ ಅಯಾನುಗೋಳದ ಕೆಳಪದರವೊಂದಿದೆ. ಹಗಲಿನಲ್ಲಿ ಬಿಸಿಲಿನ ಪ್ರಭಾವದಿಂದ ಅದು ಮಧ್ಯಮ ತರಂಗಗಳನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದೊಡನೆ ಆ ಪದರ ಕರಗುತ್ತದೆ. ಆಗ ಅಲೆಗಳು ಇನ್ನೂ ಮೇಲಿನ ಪದರದವರೆಗೆ ಹೋಗಿ, ಅಲ್ಲಿಂದ ಬಾಗಿ, ನೂರಾರು ಕಿಲೋಮೀಟರ್ ಆಚೆ ನೆಲಕ್ಕಿಳಿಯುತ್ತವೆ. ಸಿಲೋನಿನವರು ಬಳಸುತ್ತಿದ್ದ ಹ್ರಸ್ವ ತರಂಗಗಳಿಗೆ ಹಗಲಲ್ಲೂ ಈ ಶಕ್ತಿಯುಂಟು. ‘41 ಮೀಟರ್ ಬ್ಯಾಂಡ್’ ಎಂದು ಅವರು ಹೇಳುತ್ತಿದ್ದರಲ್ಲ, ಅದು ಅಲೆಯ ಉದ್ದ. ಬೆಳಕಿನ ವೇಗವಾದ ಸೆಕೆಂಡಿಗೆ 30 ಕೋಟಿ ಮೀಟರನ್ನು 41ರಿಂದ ಭಾಗಿಸಿ ನೋಡಿ. ಸುಮಾರು 73 ಲಕ್ಷ ಹರ್ಟ್ಸ್ ಆವೃತ್ತಿ ಬರುತ್ತದೆ. ಹತ್ತನೆಯ ತರಗತಿಯ ಲೆಕ್ಕ, ಅಷ್ಟೆ.

ಹೋಟೆಲ್ಲಿನ ಮರದ ಪೆಟ್ಟಿಗೆ

ನಾನು ಒಂಬತ್ತನೆಯ ತರಗತಿಯಲ್ಲಿದ್ದದ್ದು 1983-84ರಲ್ಲಿ, ಕುರುಗೋಡಿನಲ್ಲಿ. ಈಗ ಅದು ತಾಲ್ಲೂಕು ಕೇಂದ್ರ. ಆಗ ಬಳ್ಳಾರಿ ತಾಲ್ಲೂಕಿನ ಒಂದು ಹೋಬಳಿ. ಬಂಡೆಗಳ ಗುಡ್ಡ, ಅದರ ಕೆಳಗೆ ಊರು, ದೊಡ್ಡಬಸವೇಶ್ವರನ ಗುಡಿ, ಆಚೆಗೆ ಕಾಲುವೆ ನೀರಿನ ಭತ್ತದ ಗದ್ದೆ. ನನ್ನ ಪಕ್ಕ, ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದವನೇ ಈ ಗೆಳೆಯ. ಪತ್ರಿಕೆಯಲ್ಲಿ ತನ್ನ ಹೆಸರು ಬೇಡವೆಂದು ಅವನೇ ಹೇಳಿರುವುದರಿಂದ ಹೆಸರು ಬರೆಯುತ್ತಿಲ್ಲ. ಅವನ ತಂದೆ ಕಾಲುವೆ ಕೆಲಸದ ಮೇಸ್ತ್ರಿ. ಮನೆಯಲ್ಲಿ ರೇಡಿಯೊ ಇರಲಿಲ್ಲ. ಆ ಕಾಲದಲ್ಲಿ ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಕಟ್ಟಬೇಕಿತ್ತು. 1980ರ ದಶಕದ ಮಧ್ಯದವರೆಗೂ ಆ ಪದ್ಧತಿ ಇತ್ತು. ನಮ್ಮ ಮನೆಯಲ್ಲಿ ಅಂಗೈ ಅಗಲದ ಒಂದು ಟ್ರಾನ್ಸಿಸ್ಟರ್ ಇತ್ತು.

ಅವನು ಮಾತ್ರ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲ್ಲಿನ ರೇಡಿಯೊವನ್ನೇ ಕೇಳೋಣ ಎನ್ನುತ್ತಿದ್ದ. ಅದು ಮರದ ಪೆಟ್ಟಿಗೆಯ ಹಳೆಯ ವಾಲ್ವ್ ರೇಡಿಯೊ. ಗುಂಡಿ ಒತ್ತಿದ ಎಷ್ಟೋ ಹೊತ್ತಿನ ಮೇಲೆ ಕಾದು ಕೆಂಪಾಗಿ ಮಾತನಾಡುವುದು. ಹೋಟೆಲ್ಲಿನೊಳಗೆ ಕೂರಬೇಕಾದರೆ ಚಹಾ ಕುಡಿಯಬೇಕು, ಚಹಾಕ್ಕೆ ದುಡ್ಡು ಬೇಕು. ಹಾಗಾಗಿ ನಾವು ಹೊರಗಿನ ಬೇವಿನ ಕಟ್ಟೆಯ ಮೇಲೆ ಕೂರುತ್ತಿದ್ದೆವು. ಒಗ್ಗರಣೆ ಮಂಡಕ್ಕಿಯ ವಾಸನೆ ಪುಕ್ಕಟೆ, ಹಾಡೂ ಪುಕ್ಕಟೆ.

ಪಿ.ಬಿ.ಎಸ್. ಪಕ್ಷ

ನಮ್ಮಿಬ್ಬರದು ಶಾಲೆಯಲ್ಲಿ ಅಲ್ಪಸಂಖ್ಯಾತರ ಪಕ್ಷ. ಉಳಿದ ಹುಡುಗರೆಲ್ಲ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಕಡೆ. ಅದರಲ್ಲಿ ಆಶ್ಚರ್ಯವಿಲ್ಲ. 1983ರಲ್ಲಿ ಬಂದ ‘ಪಲ್ಲವಿ ಅನುಪಲ್ಲವಿ’ಯ ಹಾಡುಗಳು ಆಗ ಎಲ್ಲರ ಬಾಯಲ್ಲಿ. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ನಂತರ ಡಾ. ರಾಜಕುಮಾರ್ ಅವರೇ ತಮ್ಮ ಹಾಡುಗಳನ್ನು ಹಾಡತೊಡಗಿದ್ದರು. ಅದಕ್ಕೂ ಮೊದಲು ಎರಡು ದಶಕ ರಾಜಕುಮಾರ್ ಅವರ ‘ಶಾರೀರ’ವಾಗಿದ್ದ ಪಿ.ಬಿ. ಶ್ರೀನಿವಾಸ್ ಅವರನ್ನು ನಮ್ಮ ವಯಸ್ಸಿನ ಹುಡುಗರು ‘ನಿಮ್ಮಪ್ಪನ ಕಾಲದವರು’ ಎನ್ನುತ್ತಿದ್ದರು.

ನಮಗೆ ಅವರೇ ಬೇಕು. 1930ರಲ್ಲಿ ಕಾಕಿನಾಡದಲ್ಲಿ ಹುಟ್ಟಿದ, ತೆಲುಗು ಮನೆಮಾತಿನ ಒಬ್ಬರು ‘ಭಕ್ತ ಕನಕದಾಸ’ದಂಥ ಚಿತ್ರದಲ್ಲಿ ಕನ್ನಡದ ಒಂದೊಂದು ಅಕ್ಷರವನ್ನೂ ಅಷ್ಟು ಸ್ವಚ್ಛವಾಗಿ ಉಚ್ಚರಿಸುವುದು ಎರಡು ಭಾಷೆಯ ನಡುವೆ ಬೆಳೆದ ನಮಗೆ ದೊಡ್ಡ ಸಂಗತಿಯಾಗಿ ಕಾಣುತ್ತಿತ್ತು. ಎತ್ತರದ ಸ್ವರಕ್ಕೆ ಹೋಗಿ ಚಪ್ಪಾಳೆ ಗಿಟ್ಟಿಸುವ ಹಾಡುಗಾರಿಕೆ ಅವರದಲ್ಲ. ಮಂದ್ರಕ್ಕೆ ಇಳಿದು, ಪಕ್ಕದಲ್ಲಿ ಕುಳಿತವರಿಗೆ ಮಾತ್ರ ಹೇಳುವಂತೆ ಹಾಡುವರು. ಅವರ ಹಾಡುಗಳಲ್ಲೆಲ್ಲ ನಮ್ಮ ಪ್ರೀತಿಯದು 1964ರ ‘ನಾಂದಿ’ ಚಿತ್ರದ್ದು. ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿ, ವಿಜಯಭಾಸ್ಕರ್ ಸಂಗೀತ ನೀಡಿದ ಆ ಚಿತ್ರದಲ್ಲಿ ನಾಯಕ ಒಬ್ಬ ಶಾಲಾ ಮೇಷ್ಟ್ರು. ಜೋಗುಳದಂಥ ಆ ಹಾಡನ್ನು ನಾವು ಎಷ್ಟು ಸಲ ಕೋರಿ ಬರೆದೆವೋ ಲೆಕ್ಕವಿಲ್ಲ.

ಕಾರ್ಡಿನಲ್ಲಿ ಎರಡೇ ಹೆಸರಿದ್ದರೆ ಓದುವುದಿಲ್ಲ, ದೊಡ್ಡ ಬಳಗವಿರಬೇಕು ಎಂಬುದು ನಮ್ಮ ಕಲ್ಪನೆ. ಆದರೆ ನಮ್ಮ ಪಕ್ಷಕ್ಕೆ ಮೂರನೆಯವರು ಬರಲೊಲ್ಲರು. ಆಗ ಗೆಳೆಯನಿಗೆ ಒಂದು ಉಪಾಯ ಹೊಳೆಯಿತು. ‘ದಿನಾ ನಮ್ಮ ಜೊತಿ ಹಾಡು ಕೇಳೋದು ಈ ಮರ ಅಲ್ಲೇನು? ಇದರ ಹೆಸರೂ ಬರಿ’ ಎಂದ. ಹೀಗೆ ಆ ಬೇವಿನ ಮರಕ್ಕೆ ‘ಬೇವಿನಕಟ್ಟಿ ಬಸಣ್ಣ’ ಎಂದು ನಾಮಕರಣವಾಯಿತು. ಹಿರಿಯನೆಂದು ಅವನ ಹೆಸರು ಮೊದಲು, ನಮ್ಮವು ಆಮೇಲೆ. ಒಮ್ಮೆ ಉದ್ಘೋಷಕಿಯೊಬ್ಬರು ಬಲು ಗೌರವದಿಂದ ‘ಬೇವಿನಕಟ್ಟಿ ಬಸಣ್ಣನವರು’ ಎಂದು ಓದಿದಾಗ ನಾವು ಮರವನ್ನು ತಬ್ಬಿಕೊಂಡು ನಕ್ಕಿದ್ದು ಇಂದಿಗೂ ನೆನಪಿದೆ. ಈ ಗುಟ್ಟು ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ವಿಳಾಸ ಕಳೆದುಹೋದ ಬಗೆ

1984ರ ಬೇಸಿಗೆಯಲ್ಲಿ ಅವನ ತಂದೆಗೆ ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ಕೆಲಸ ಸಿಕ್ಕಿತು. ನಾರಾಯಣಪುರ ಅಣೆಕಟ್ಟಿನ ಎಡದಂಡೆ ಕಾಲುವೆಯ ಕೆಲಸ ಸುರಪುರ, ಶಹಾಪುರಗಳ ಕಡೆ ನಡೆದಿದ್ದ ಕಾಲ. ಹಾಸಿಗೆ, ಪಾತ್ರೆ, ಗುದ್ದಲಿ, ಸಲಿಕೆ ಸಮೇತ ಇಡೀ ಸಂಸಾರ ಲಾರಿ ಹತ್ತಿತು. ಗೆಳೆಯನ ಓದು ಒಂಬತ್ತನೆಯ ತರಗತಿಗೇ ನಿಂತಿತು. ಕಾಲುವೆ ಕೆಲಸದವರ ವಿಳಾಸವೆಂದರೆ ಒಂದು ಕ್ಯಾಂಪು. ಕಾಲುವೆ ಮುಂದೆ ಹೋದಂತೆ ಕ್ಯಾಂಪೂ ಮುಂದೆ ಹೋಗುತ್ತದೆ. ನಾನು ಬರೆದ ಎರಡು ಪತ್ರಗಳಲ್ಲಿ ಒಂದು ‘ವಿಳಾಸದಾರರು ಇಲ್ಲ’ ಎಂಬ ಷರಾ ಹೊತ್ತು ಮರಳಿ ಬಂತು. ಇನ್ನೊಂದು ಬರಲೇ ಇಲ್ಲ.

ಆಮೇಲಿನ ವರ್ಷಗಳಲ್ಲಿ ವಿಳಾಸಗಳೇ ಬದಲಾದವು. ನಾನು ಬಳ್ಳಾರಿಯಲ್ಲಿ ಬಿ.ಎಸ್ಸಿ. ಓದಿ, ಬಿ.ಇಡಿ. ಮಾಡಿ, ಬೇರೆ ಊರಿನಲ್ಲಿ ಮೇಷ್ಟ್ರಾದೆ. 2009ರ ಕೊನೆಯಲ್ಲಿ ಗುಲಬರ್ಗಾ ಜಿಲ್ಲೆ ಒಡೆದು ಯಾದಗಿರಿ ಜಿಲ್ಲೆಯಾಯಿತು. ಸುರಪುರ, ಶಹಾಪುರಗಳು ಅತ್ತ ಹೋದವು. 2014ರ ರಾಜ್ಯೋತ್ಸವದಂದು ಗುಲಬರ್ಗಾ ಕಲಬುರಗಿಯಾಯಿತು. ಇಂಗ್ಲಿಷಿನಲ್ಲಿ ‘ಬೆಲ್ಲಾರಿ’ ಆಗಿದ್ದ ನಮ್ಮೂರು ಅಲ್ಲಿಯೂ ‘ಬಳ್ಳಾರಿ’ಯಾಯಿತು. ಕುರುಗೋಡು ತಾಲ್ಲೂಕಾಯಿತು. 2021ರಲ್ಲಿ ಬಳ್ಳಾರಿ ಜಿಲ್ಲೆಯೂ ಒಡೆದು ವಿಜಯನಗರ ಬೇರೆಯಾಯಿತು. ಅಂಚೆಯಣ್ಣನಾದರೂ ಏನು ಮಾಡಿಯಾನು? ಆದರೆ ಇಷ್ಟೆಲ್ಲ ಬದಲಾದರೂ ಒಂದು ಮಾತ್ರ ಹಾಗೆಯೇ ಇತ್ತೆಂಬುದು ಆಮೇಲೆ ತಿಳಿಯಿತು.

ಬಸಣ್ಣನ ಕೂಗು

ಅದು 2021ರ ಜೂನ್. ಕೊರೊನಾದ ಎರಡನೆಯ ಅಲೆಯಿಂದ ಶಾಲೆಗಳು ಮುಚ್ಚಿದ್ದವು. ಆಕಾಶವಾಣಿಯ ಬೇರೆ ಬೇರೆ ಕೇಂದ್ರಗಳನ್ನು ಮೊಬೈಲಿನಲ್ಲೇ ಕೇಳುವ ಸೌಲಭ್ಯ ಬಂದಿತ್ತು. ಅಯಾನುಗೋಳದ ಹಂಗಿಲ್ಲದೆ ಹಗಲಲ್ಲೂ ದೂರದ ಕೇಂದ್ರ ಸಿಗುತ್ತದಲ್ಲ ಎಂಬ ಖುಷಿಯಲ್ಲಿ ನಾನು ಊರೂರು ತಿರುಗುವವನಂತೆ ಕೇಂದ್ರದಿಂದ ಕೇಂದ್ರಕ್ಕೆ ಹೋಗುತ್ತಿದ್ದೆ. ಒಂದು ಸಂಜೆ ಕೋರಿಕೆಯ ಕಾರ್ಯಕ್ರಮ. ಮುಂದಿನ ಗೀತೆ ‘ನಾಂದಿ’ ಚಿತ್ರದಿಂದ ಎಂದರು. ಅದು ಜನಪ್ರಿಯ ಹಾಡೇ. ಯಾರು ಬೇಕಾದರೂ ಕೇಳಬಹುದು. ಆದರೆ ಹೆಸರುಗಳನ್ನು ಓದಿದಾಗ ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟೆ. ‘ಕೋರಿದವರು, ಸುರಪುರ ತಾಲ್ಲೂಕಿನಿಂದ ಬೇವಿನಕಟ್ಟಿ ಬಸಣ್ಣ ಮತ್ತು ಗೆಳೆಯರು.’

ಲೋಕದಲ್ಲಿ ಬಸಣ್ಣರು ಬೇಕಾದಷ್ಟು. ಬೇವಿನಕಟ್ಟಿಗಳೂ ಬೇಕಾದಷ್ಟು. ಆ ಹಾಡು ಮತ್ತು ಆ ಹೆಸರು ಒಂದೇ ಕಾರ್ಡಿನಲ್ಲಿ ಬರುವುದು ಮಾತ್ರ ಕಾಕತಾಳೀಯ ಆಗಲಾರದು ಎಂದು ನನ್ನ ವಿಜ್ಞಾನದ ಬುದ್ಧಿ ಹೇಳಿತು.

ಆಕಾಶವಾಣಿಯವರನ್ನು ವಿಳಾಸ ಕೇಳುವುದು ಸರಿಯಲ್ಲ. ಯಾರ ವಿಳಾಸವನ್ನೂ ಹಾಗೆ ಕೊಡಲೂಬಾರದು. ಅದಕ್ಕೆ ನಾನೂ ಒಂದು ಕೋರಿಕೆ ಬರೆದೆ. ಪಿ.ಬಿ.ಎಸ್. ಅವರ ಇನ್ನೊಂದು ಹಾಡು ಕೇಳಿ, ಕೋರಿದವರು ಎಂಬಲ್ಲಿ ನನ್ನ ಹೆಸರು, ನಾನು ಪಾಠ ಮಾಡುವ ಶಾಲೆಯ ಹೆಸರು ಬರೆದು, ‘ಕುರುಗೋಡಿನ ಬೇವಿನಕಟ್ಟಿ ಬಸಣ್ಣನ ಬಲಗಡೆ ಕೂರುತ್ತಿದ್ದವನು’ ಎಂದು ಸೇರಿಸಿದೆ. ಜುಲೈನಲ್ಲಿ ಅದನ್ನು ಓದಿದರು. ಒಂದು ವಾರವಾಯಿತು, ಒಂದು ತಿಂಗಳಾಯಿತು, ಸುದ್ದಿಯಿಲ್ಲ. ಬಹುಶಃ ಕೇಳಿಸಿಕೊಂಡಿಲ್ಲ ಎಂದುಕೊಂಡೆ.

ಆಗಸ್ಟ್ ಕೊನೆಯಲ್ಲಿ ಪ್ರೌಢಶಾಲೆಗಳು ತೆರೆದವು. ಒಂದೆರಡು ವಾರದ ಮೇಲೆ ಶಾಲೆಯ ಫೋನಿಗೆ ಒಂದು ಹುಡುಗಿಯ ಕರೆ ಬಂತು. ಅವಳು ನನ್ನನ್ನು ಕೇಳಿದ ಮೊದಲ ಪ್ರಶ್ನೆ: ‘ಸಾರ್, ಬೇವಿನಕಟ್ಟಿ ಬಸಣ್ಣ ಅಂದ್ರೆ ಮನುಷ್ಯನಾ, ಮರಾನಾ?’ ನಾನು ‘ಮರ ಕಣಮ್ಮಾ’ ಎಂದೆ. ಆ ಕಡೆ ಒಂದು ಕ್ಷಣ ಸದ್ದಿಲ್ಲ. ‘ಹಂಗಾರೆ ನಮ್ಮಪ್ಪನ ಗೆಳೆಯ ನೀವೇ’ ಎಂದಳು.

ಅವಳ ತಂದೆ ನನ್ನ ಕೋರಿಕೆಯನ್ನು ಜುಲೈನಲ್ಲೇ ಕೇಳಿದ್ದ. ಕೇಳಿ ಸುಮ್ಮನಿದ್ದ. ಅವನೀಗ ಅದೇ ಕಾಲುವೆಯ ನೀರುಗಂಟಿ. ‘ಅವರು ಮೇಷ್ಟ್ರಾಗ್ಯಾರ. ನಾವು ರಾತ್ರಿ ತೂಬು ಕಾಯೋರು. ಹಾಡು ಕೇಳಿದ್ದೇ ಸಾಕು, ಗುರುತು ಹಿಡ್ಕೊಂಡು ಹೋದ್ರೆ ಏನಂದ್ಕೊಂತಾರೋ’ ಎಂದು ಮನೆಯಲ್ಲಿ ಹೇಳಿದ್ದನಂತೆ. ಮಗಳು ಮಾತ್ರ ಬಿಡಲಿಲ್ಲ. ದಿನಾ ರಾತ್ರಿ ಟ್ರಾನ್ಸಿಸ್ಟರ್ ಹಿಡಿದು ಕಾಲುವೆ ದಂಡೆಗೆ ಹೋಗುವ ಅಪ್ಪ ಮೂವತ್ತೇಳು ವರ್ಷದಿಂದ ಯಾರನ್ನು ನೆನೆದು ಆ ಹಾಡಿಗೆ ಬರೆಯುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು.

‘ನೀವು’ ಹೋಗಿ ‘ನೀನು’

ದಸರಾ ರಜೆಯಲ್ಲಿ ಬಸ್ ಹತ್ತಿದೆ. ಸಿರುಗುಪ್ಪ, ಸಿಂಧನೂರು, ಲಿಂಗಸುಗೂರು ಮಾರ್ಗವಾಗಿ, ತುಂಗಭದ್ರೆ ದಾಟಿ, ಕೃಷ್ಣೆ ದಾಟಿ ಸುರಪುರ. ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದವನ ಮುಖ ನೋಡಿ ಗುರುತು ಹಿಡಿಯಲು ಆಗುತ್ತಿರಲಿಲ್ಲ, ಅವನಿಗೂ ಅಷ್ಟೆ. ‘ಬನ್ನಿ ಸಾರ್, ಚೆನ್ನಾಗಿದೀರಾ ಸಾರ್’ ಎಂದು ನನ್ನ ಚೀಲಕ್ಕೆ ಕೈಹಾಕಿದ. ಮನೆಗೆ ಹೋದೆವು. ನನಗೆ ಕುರ್ಚಿ, ತನಗೆ ನೆಲ. ಎಷ್ಟು ಹೇಳಿದರೂ ಮೇಲೆ ಕೂರಲಿಲ್ಲ. ಊಟ ಬಂತು: ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಹಿಂಡಿ. ಮಕ್ಕಳು ಎಷ್ಟು, ಮಳೆ ಹೇಗೆ, ನೀರು ಬಂತೇ, ಹೀಗೆ ಪರಿಚಯವಿಲ್ಲದವರ ಮಾತುಗಳೇ ನಡೆದವು. ಇಷ್ಟು ದೂರ ಬಂದದ್ದು ಇದಕ್ಕೇನು ಎಂದು ಮನಸ್ಸಿಗೆ ಪಿಚ್ಚೆನ್ನಿಸಿತು.

ಊಟವಾದ ಮೇಲೆ ಮಗಳು ತನ್ನ ಮೊಬೈಲಿನಲ್ಲಿ ಆ ಹಾಡು ಹಾಕಿದಳು. ನಾನು ಮಾತಿಗೆ, ‘ಈಗಿನ ಫೋನಿನಲ್ಲಿ ಎಷ್ಟು ಸ್ಪಷ್ಟವಾಗಿ ಬರುತ್ತದೆ ನೋಡು’ ಎಂದೆ. ಅಷ್ಟೇ ಸಾಕಾಯಿತು.

‘ಏ, ಎಲ್ಲಿದಲೇ ಸ್ಪಷ್ಟ! ನಿನಗ ಕಿವಿ ಐತೋ ಇಲ್ಲೋ? ಆ ಹೋಟ್ಲು ರೇಡಿಯೊದಾಗ ಪಿ.ಬಿ.ಎಸ್. ಕೆಳಗ ಇಳೀತಿದ್ರು ನೋಡು, ಕಟ್ಟಿ ನಡಗೋದು. ಇದರಾಗ ಅದೆಲ್ಲೈತಿ? ಬರೀ ಸೊಳ್ಳಿ ಕೂಗಿದಂಗ ಐತಿ!’

ಮಗಳು ಅಪ್ಪನ ಬಾಯಲ್ಲಿ ಬಂದ ‘ಲೇ’ ಕೇಳಿ ದಂಗಾದಳು. ಅವನೂ ಒಂದು ಕ್ಷಣ ನಾಲಗೆ ಕಚ್ಚಿಕೊಂಡ. ನಾನು ನಕ್ಕೆ, ಅವನೂ ನಕ್ಕ. ಆಮೇಲೆ ರಾತ್ರಿ ಹನ್ನೊಂದರವರೆಗೆ ‘ಸಾರ್’ ಎಂಬ ಮಾತು ಆ ಮನೆಯಲ್ಲಿ ಕೇಳಿಬರಲಿಲ್ಲ. ಅವನು ನನ್ನ ಪಕ್ಕದಲ್ಲೇ, ಮಂಚದ ಮೇಲೆ ಕುಳಿತಿದ್ದ.

ಅಂದಹಾಗೆ ಅವನು ಹೇಳಿದ್ದು ವಿಜ್ಞಾನಕ್ಕೂ ಸರಿ. ಗಂಡಸಿನ ಮಂದ್ರಸ್ವರ ಸೆಕೆಂಡಿಗೆ ಸುಮಾರು ನೂರು ಸಲ ಕಂಪಿಸುತ್ತದೆ. ಗಾಳಿಯಲ್ಲಿ ಅಂಥ ಅಲೆಯ ಉದ್ದ ಸುಮಾರು ಮೂರೂವರೆ ಮೀಟರ್. ಅಷ್ಟು ಉದ್ದದ ಅಲೆಯನ್ನು ಜೋರಾಗಿ ಎಬ್ಬಿಸಬೇಕಾದರೆ ಹೆಚ್ಚು ಗಾಳಿಯನ್ನು ತಳ್ಳಬೇಕು. ಮೊಬೈಲಿನ ಉಗುರಿನಷ್ಟು ಸ್ಪೀಕರಿಗೆ ಅದು ಸಾಧ್ಯವಿಲ್ಲ. ಹೋಟೆಲ್ಲಿನ ರೇಡಿಯೊದಲ್ಲಿ ತಟ್ಟೆಯಗಲದ ಸ್ಪೀಕರ್ ಇತ್ತು, ಹಿಂದೆ ಮರದ ಪೆಟ್ಟಿಗೆಯಿತ್ತು. ಮನೆಯಲ್ಲಿ ಖಾಲಿ ಮಡಕೆಯಿದ್ದರೆ ಹಾಡುತ್ತಿರುವ ಮೊಬೈಲನ್ನು ಅದರೊಳಗೆ ಇಟ್ಟು ನೋಡಿ. ಮಡಕೆಯ ಗಾಳಿಯೂ ಕೆಲವು ಸ್ವರಗಳಿಗೆ ಅನುರಣಿಸಿ ದನಿ ತುಂಬಿಕೊಳ್ಳುತ್ತದೆ. ಆ ರಾತ್ರಿ ನಾವು ಮಾಡಿದ್ದೂ ಅದನ್ನೇ. ಗೆಳೆಯ ಕಣ್ಣುಮುಚ್ಚಿ ಕೇಳಿ, ‘ಹ್ಞಾಂ, ಈಗ ನೋಡು, ಸ್ವಲ್ಪ ಬಸಣ್ಣನ ಹತ್ರ ಬಂತು’ ಎಂದ.

ನೆನಪಿನ ವಿಜ್ಞಾನ

ಮುಖ ಮರೆತವರಿಗೆ ಹಾಡು ಮರೆಯುವುದಿಲ್ಲವೇಕೆ? ನಡುವಯಸ್ಸು ದಾಟಿದವರನ್ನು ಅವರ ಜೀವನದ ಘಟನೆಗಳನ್ನು ನೆನೆಯಲು ಹೇಳಿದರೆ, ಸುಮಾರು ಹತ್ತರಿಂದ ಮೂವತ್ತು ವರ್ಷದ ನಡುವಿನವೇ ಲೆಕ್ಕಕ್ಕಿಂತ ಹೆಚ್ಚಾಗಿ ಬರುತ್ತವೆ ಎಂಬುದನ್ನು ಮನೋವಿಜ್ಞಾನಿಗಳು ಬಹಳ ಹಿಂದೆಯೇ ಗುರುತಿಸಿದ್ದಾರೆ. ಹಾಡುಗಳ ವಿಷಯದಲ್ಲೂ ಹೀಗೆಯೇ. ಮೊದಲ ಗೆಳೆತನ, ಮೊದಲ ಸೋಲು, ನಾನು ಯಾರು ಎಂಬ ಮೊದಲ ಪ್ರಶ್ನೆ, ಎಲ್ಲವೂ ಆ ವಯಸ್ಸಿನಲ್ಲೇ ಬರುತ್ತವೆ. ಆಗ ಕೇಳಿದ ಹಾಡು ಆ ಎಲ್ಲದರ ಜೊತೆ ಹೆಣೆದುಕೊಂಡುಬಿಡುತ್ತದೆ.

2009ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪೀಟರ್ ಜನಾಟ ಎಂಬ ವಿಜ್ಞಾನಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಅವರ ಬಾಲ್ಯ, ಹದಿಹರೆಯದ ಕಾಲದ ಹಾಡುಗಳ ತುಣುಕುಗಳನ್ನು ಕೇಳಿಸುತ್ತ ಮಿದುಳಿನ ಚಿತ್ರ ತೆಗೆದಾಗ, ಸ್ವಂತ ನೆನಪುಗಳನ್ನು ಕೆರಳಿಸಿದ ಹಾಡುಗಳಿಗೆ ಹಣೆಯ ಹಿಂದಿನ ಮಿದುಳಿನ ಮಧ್ಯಭಾಗ ಹೆಚ್ಚು ಚುರುಕಾದದ್ದು ಕಂಡಿತು. ಹಾಡು ಮತ್ತು ನೆನಪು ಅಲ್ಲಿ ಕೂಡುತ್ತವೆ. ಮರೆವಿನ ಕಾಯಿಲೆಯಾದ ಅಲ್ಝೈಮರ್‌ನಲ್ಲಿ ತಡವಾಗಿ ಕ್ಷೀಣಿಸುವ ಭಾಗಗಳಲ್ಲಿ ಅದೂ ಒಂದು. ಮನೆಯವರ ಹೆಸರು ಮರೆತ ಅಜ್ಜಿ ಹಳೆಯ ಹಾಡನ್ನು ಪೂರ್ತಿ ಹೇಳುವುದರ ಹಿಂದಿನ ಕಾರಣಗಳಲ್ಲಿ ಇದೂ ಒಂದಿರಬಹುದು.

ತಂದೆತಾಯಿಗಳಿಗೆ, ಮಕ್ಕಳಿಗೆ

ಹಾಡು ಕೇಳುತ್ತ ಓದು ಮರೆಯಲಿ ಎಂದು ನಾನು ಹೇಳುತ್ತಿಲ್ಲ. ಮೇಷ್ಟ್ರಾದವನು ಹಾಗೆ ಹೇಳಿಯಾನೆ? ಆದರೆ ಇಬ್ಬರು ಹುಡುಗರು ಅಥವಾ ಹುಡುಗಿಯರು ಒಂದೇ ಹಾಡನ್ನು ಮೆಚ್ಚಿ, ಅದಕ್ಕಾಗಿ ಜಗಳವಾಡಿ, ಒಟ್ಟಿಗೆ ಕುಳಿತು ಕೇಳುತ್ತಿದ್ದರೆ ಅದನ್ನು ಕಾಲಹರಣವೆಂದು ಪೂರ್ತಿ ತಳ್ಳಿಹಾಕಬೇಡಿ. ಈಗಿನ ಮಕ್ಕಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಒಬ್ಬೊಬ್ಬರೇ ಕೇಳುತ್ತಾರೆ. ಬೇಕಾದ ಹಾಡು ಬೇಕೆಂದ ಕ್ಷಣ ಸಿಗುತ್ತದೆ. ಆದರೆ ಇದನ್ನು ಇನ್ನಾರು ಮೆಚ್ಚಿದರು ಎಂದು ಹೇಳಿ ಕೇಳಿಸುವ ಉದ್ಘೋಷಕರಿಲ್ಲ. ಒಟ್ಟಿಗೆ ಕೇಳಲು ಮನೆಯಲ್ಲಿ ವಾರಕ್ಕೆ ಅರ್ಧ ಗಂಟೆ ಬಿಡಿ. ನಿಮ್ಮ ಕಾಲದ ಒಂದು ಹಾಡು, ಅವರ ಕಾಲದ ಒಂದು ಹಾಡು. ಜಗಳವಾದರೆ ಇನ್ನೂ ಒಳ್ಳೆಯದು.

ಪಿ.ಬಿ. ಶ್ರೀನಿವಾಸ್ ಅವರು 2013ರ ಏಪ್ರಿಲ್ 14ರಂದು ಚೆನ್ನೈನಲ್ಲಿ ತೀರಿಕೊಂಡರು. ಜೇಬಿನ ತುಂಬ ಪೆನ್ನುಗಳನ್ನು ಸಿಕ್ಕಿಸಿಕೊಂಡು ಅಲ್ಲಿನ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲ್ಲಿನಲ್ಲಿ ಕುಳಿತು ಕವಿತೆ ಬರೆಯುತ್ತಿದ್ದ ಅವರಿಗೆ, ಕುರುಗೋಡಿನ ಒಂದು ಬೇವಿನ ಮರ ತಮ್ಮ ಅಭಿಮಾನಿಯೆಂದು ತಿಳಿದಿರಲು ಸಾಧ್ಯವಿಲ್ಲ. ಆ ಮರವೂ ಈಗಿಲ್ಲ, ರಸ್ತೆ ಅಗಲವಾಯಿತು. ಗೆಳೆಯನ ಮಗಳು ಬಿ.ಎಸ್ಸಿ. ಮುಗಿಸಿ ಬಿ.ಇಡಿ. ಓದುತ್ತಿದ್ದಾಳೆ. ಭೌತಶಾಸ್ತ್ರದಲ್ಲಿ ಸಂಶಯ ಬಂದಾಗ ಫೋನ್ ಮಾಡುತ್ತಾಳೆ. ಅವಳ ಅಪ್ಪ ಹಿಂದಿನಿಂದ, ‘ಆ ಮಡಿಕಿ ಲೆಕ್ಕ ಕೇಳು’ ಎಂದು ಕೂಗುತ್ತಾನೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ತರಗತಿಯಲ್ಲೂ ಈ ವರ್ಷ ಒಬ್ಬರಾದರೂ ಶಾಲೆ ಬಿಡುವವರಿರುತ್ತಾರೆ. ತಂದೆಯ ಕೆಲಸಕ್ಕಾಗಿ ಊರು ಬಿಡುವವರು, ಫೀಸಿಗೆ ದುಡ್ಡಿಲ್ಲದೆ ನಿಲ್ಲುವವರು, ಮುಂದೆ ನಿಮ್ಮೆದುರು ಬರಲು ಸಂಕೋಚಪಡುವವರು. ಬೀಳ್ಕೊಡುವ ದಿನ ಅವರ ಪಕ್ಕದಲ್ಲಿ ಕುಳಿತು ಫೋನ್ ನಂಬರ್ ಬರೆದುಕೊಳ್ಳಿ. ನಂಬರ್ ಬದಲಾಗುತ್ತದೆ, ಊರು ಬದಲಾಗುತ್ತದೆ, ಜಿಲ್ಲೆಯ ಹೆಸರೂ ಬದಲಾಗುತ್ತದೆ. ಅದಕ್ಕೇ ನಂಬರಿನ ಪಕ್ಕದಲ್ಲಿ ನಿಮ್ಮಿಬ್ಬರಿಗೂ ಇಷ್ಟವಾದ ಒಂದು ಹಾಡಿನ ಹೆಸರನ್ನೂ ಬರೆದಿಡಿ.